ಸುಡುವ ಜಾಲರಿಯ ಮೇಲೆ ತುಕ್ಕಿನ ಪಾಠ: ಗುಬ್ಬಿ ಮತ್ತು ಕುಣಿಗಲ್‌ನ ಎರಡು ಅಭ್ಯಾಸ ಬೋಧನೆಗಳು

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ತುಕ್ಕಿನ ಪಾಠವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಇಷ್ಟಪಟ್ಟು ಆರಿಸಿಕೊಳ್ಳುತ್ತಾರೆ. ಮೂರು ಪ್ರನಾಳ, ಮೂರು ಮೊಳೆ, ಒಂದಿಷ್ಟು ಎಣ್ಣೆ ಇದ್ದರೆ ಸಾಕು. ಉಪಕರಣ ಸುಲಭ, ಉತ್ತರ ಖಚಿತ. ಆದ್ದರಿಂದಲೇ ಈ ಪಾಠ ವೀಕ್ಷಿಸಲು ಹೋಗುವಾಗ ನನಗೆ ಸ್ವಲ್ಪ ಬೇಸರವೂ ಇರುತ್ತದೆ. ಗುಬ್ಬಿಯ ಪ್ರೌಢಶಾಲೆಯೊಂದರಲ್ಲಿ ನೋಡಿದ ಪಾಠ ಆ ಬೇಸರ ಕಳೆಯಿತು. ಅದರಲ್ಲಿ ನನ್ನದೇ ಒಂದು ತಪ್ಪೂ ಹೊರಬಂತು.

ಪ್ರಶಿಕ್ಷಣಾರ್ಥಿ ತಮ್ಮ ಪಾಠ ಯೋಜನೆಯ ಮೊದಲ ಹಂತಕ್ಕೆ ಬಸ್‌ ನಿಲ್ದಾಣದ ಹತ್ತಿರ ಸಂಜೆ ನಿಲ್ಲುವ ಕಬಾಬ್ ಗಾಡಿಯ ಉದಾಹರಣೆ ಬರೆದಿದ್ದರು. ಕೆಂಡದ ಮೇಲಿನ ಕಬ್ಬಿಣದ ಜಾಲರಿ ಮಳೆಗಾಲದಲ್ಲಿ ಏಕೆ ಬೇಗ ಕೆಂಪಾಗುತ್ತದೆ ಎಂಬುದು ಅವರ ಪ್ರಶ್ನೆ. ನಾನು ಯೋಜನಾ ಪುಸ್ತಕದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಮಾಂಸದ ಉದಾಹರಣೆ ಬೇಡ, ಸುಟ್ಟ ಜೋಳ ಎಂದು ಬದಲಿಸಿ’ ಎಂದು ಬರೆದೆ. ತರಗತಿಯಲ್ಲಿ ಎಲ್ಲ ಮನೆಯ ಮಕ್ಕಳೂ ಇರುತ್ತಾರೆ, ಯಾರಿಗೂ ಮುಜುಗರವಾಗಬಾರದು ಎಂದು ನನ್ನ ಲೆಕ್ಕ. ಅವರು ಬದಲಿಸಿದರು.

ಪಾಠ ಶುರುವಾಯಿತು. ಜೋಳದ ಗಾಡಿಯ ಚಿತ್ರ ಕಂಡು ಮಕ್ಕಳು ನಕ್ಕರು, ಉತ್ತರಿಸಿದರು, ಎಲ್ಲ ಸರಿಯಾಗಿಯೇ ಇತ್ತು. ಜಾಲರಿಗೆ ಏನೇನು ಅಂಟುತ್ತದೆ ಎಂದು ಕೇಳಿದಾಗ ಮಾತ್ರ ತರಗತಿ ನಿಂತುಬಿಟ್ಟಿತು. ಜೋಳದಿಂದ ಜಾಲರಿಗೆ ಅಂಟುವುದು ಬಹಳ ಕಡಿಮೆ. ಜಿಡ್ಡಿಲ್ಲ, ಉಪ್ಪು ನಿಂಬೆಹಣ್ಣನ್ನು ಸುಟ್ಟ ಮೇಲೆ ಸವರುತ್ತಾರೆ. ನನ್ನ ತಿದ್ದುಪಡಿಯಿಂದ ಪಾಠದ ರಸಾಯನ ವಿಜ್ಞಾನವೇ ಖಾಲಿಯಾಗಿತ್ತು. ಮೂರನೇ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತದೆಯೇ ಮೆಲ್ಲಗೆ ಹೇಳಿದಳು: “ಮಿಸ್, ಚಿಕನ್ ಜಾಲರೀನೇ ತುಕ್ಕು ಹಿಡಿಯೋದು. ಜೋಳದ್ದು ಅಷ್ಟೊಂದು ಹಿಡಿಯಲ್ಲ.” ಹಿಂದಿನಿಂದ ಯಾರೋ “ಅವ್ರದ್ದೇ ಗಾಡಿ ಮಿಸ್” ಎಂದರು. ಅವಳು ತಕ್ಷಣ ಎರಡೂ ಕೈಗಳನ್ನು ಬೆಂಚಿನ ಕೆಳಗೆ ಇಳಿಸಿದಳು.

ಇಂಥ ಗಳಿಗೆಯಲ್ಲಿ ಏನು ಮಾಡಬೇಕೆಂದು ಯಾವ ಯೋಜನಾ ನಮೂನೆಯಲ್ಲೂ ಅಂಕಣ ಇಲ್ಲ. ಪ್ರಶಿಕ್ಷಣಾರ್ಥಿ ಒಮ್ಮೆ ನನ್ನ ಕಡೆ ನೋಡಿದರು, ಆಮೇಲೆ ನೋಡಲಿಲ್ಲ. “ರಾತ್ರಿ ಅದನ್ನ ಹೇಗೆ ಕ್ಲೀನ್ ಮಾಡ್ತೀರಮ್ಮ? ಮೊದಲಿಂದ ಹೇಳು, ನಾನು ಬರ್ಕೋತೀನಿ” ಎಂದು ಕಪ್ಪುಹಲಗೆಯ ಅರ್ಧ ಭಾಗ ಅಳಿಸಿದರು. ಆ ಹುಡುಗಿ ಹೇಳಿದ ಕ್ರಮ ಇದು. ಗಿರಾಕಿ ಮುಗಿದ ಮೇಲೆ ಬರೀ ಜಾಲರಿಯನ್ನು ಉಳಿದ ಕೆಂಡದ ಮೇಲೆ ಸ್ವಲ್ಪ ಹೊತ್ತು ಬಿಡುತ್ತಾರೆ. ಅಂಟಿದ್ದೆಲ್ಲ ಕರಕಾಗಿ ಪುಡಿಯಾಗುತ್ತದೆ. ತಗಡಿನ ಚೂರಿನಿಂದ ಕೆರೆಯುತ್ತಾರೆ. ಕೈಗೆ ತಾಳುವಷ್ಟು ಆರಿದ ಮೇಲೆ ಬೂದಿ ಹಾಕಿ ತೆಂಗಿನ ನಾರಿನಿಂದ ಉಜ್ಜಿ ತೊಳೆಯುತ್ತಾರೆ. ಮತ್ತೆ ಕೆಂಡದ ಮೇಲಿಟ್ಟು ಒಣಗಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ ಇಡುತ್ತಾರೆ.

ಈ ಐದು ಸಾಲಿಗೆ ಆ ದಿನದ ಪಾಠವೆಲ್ಲ ಅಂಟಿಕೊಂಡಿತು. ಜಿಡ್ಡು ಮತ್ತು ಮಾಂಸದ ರಸ ಬಿಸಿಗೆ ಸುಟ್ಟು ಇಂಗಾಲವಾಗುವುದು ಮೊದಲ ಹಂತ. ಎರಡನೆಯದು ಬೂದಿ. ತೆಂಗಿನ ಕರಟದ ಇದ್ದಿಲಿನ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ, ನೀರಿಗೆ ಬಿದ್ದರೆ ಅದು ಪ್ರತ್ಯಾಮ್ಲೀಯ. ಪ್ರಶಿಕ್ಷಣಾರ್ಥಿ ಶಾಲೆಯ ಅಡುಗೆಮನೆಯಿಂದ ಒಂದು ಹಿಡಿ ಸೌದೆ ಬೂದಿ ತರಿಸಿ, ನೀರಲ್ಲಿ ಕದಡಿ, ಕೆಂಪು ಲಿಟ್ಮಸ್ ಅದ್ದಿದರು. ಅದು ನೀಲಿಯಾಯಿತು. ಜಿಡ್ಡು ಮತ್ತು ಪ್ರತ್ಯಾಮ್ಲ ಸೇರಿದರೆ ಸ್ವಲ್ಪ ಸಾಬೂನು ಹುಟ್ಟುತ್ತದೆ, ಉಳಿದ ಕೊಳೆಯನ್ನು ಅದು ನೀರಿಗೆ ಎಳೆಯುತ್ತದೆ. ಅಜ್ಜಿಯರು ಪಾತ್ರೆ ಬೆಳಗುತ್ತಿದ್ದುದೂ ಹೀಗೇ. ಉಪ್ಪು, ನಿಂಬೆರಸ, ಮಸಾಲೆ ಉಳಿದುಬಿಟ್ಟರೆ ತುಕ್ಕಿನ ವೇಗ ಹೆಚ್ಚುವುದರಿಂದ ತೊಳೆಯಬೇಕು. ತೊಳೆದ ನೀರು ಉಳಿದರೂ ತುಕ್ಕು, ಆದ್ದರಿಂದ ಒಣಗಿಸಬೇಕು.

ಕೊನೆಯ ಎಣ್ಣೆ ಬಟ್ಟೆಯ ಬಗ್ಗೆ ಮಾತ್ರ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಪಠ್ಯದ ‘ಎಣ್ಣೆ ಹಚ್ಚುವುದು’ ಎಂಬ ಎರಡು ಪದಗಳು ಇಲ್ಲಿನ ನಿಜವನ್ನು ಹೇಳುವುದಿಲ್ಲ. ಬಿಸಿ ಕಬ್ಬಿಣದ ಮೇಲೆ ತೆಳುವಾಗಿ ಸವರಿದ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತದೆ. ದೋಸೆ ಕಾವಲಿ ಪಳಗುವುದು ಎಂದರೆ ಇದೇ. ಎಲ್ಲ ಎಣ್ಣೆಯೂ ಹೀಗೆ ಪೊರೆ ಕಟ್ಟುವುದಿಲ್ಲ. ತೆಂಗಿನ ಸೀಮೆಯ ನಮಗೆ ಮೊದಲು ಕೈಗೆ ಬರುವುದು ಕೊಬ್ಬರಿ ಎಣ್ಣೆ, ಅದರಲ್ಲಿ ಪರ್ಯಾಪ್ತ ಕೊಬ್ಬಿನಾಮ್ಲ ಸುಮಾರು 90 ಪ್ರತಿಶತ. ಹೆಣೆದುಕೊಳ್ಳಲು ಬೇಕಾದ ದ್ವಿಬಂಧಗಳೇ ಕಡಿಮೆ. ಹುಚ್ಚೆಳ್ಳೆಣ್ಣೆಯಲ್ಲಿ ಲಿನೋಲಿಕ್ ಆಮ್ಲ ಹೆಚ್ಚು, ಪೊರೆ ಬೇಗ ಕಟ್ಟುತ್ತದೆ. ಎಣ್ಣೆ ದಪ್ಪವಾಗಿ ಬಳಿದು ತಣ್ಣಗೆ ಬಿಟ್ಟರೆ ಅದು ಪೊರೆಯೂ ಆಗದೆ, ಎಣ್ಣೆಯಾಗಿಯೂ ಉಳಿಯದೆ, ಅಂಟಂಟಾಗಿ ಕಮಟು ವಾಸನೆ ಹೊಡೆಯುತ್ತದೆ. ತುಕ್ಕು ಮತ್ತು ಕಮಟು ಎರಡೂ ಉತ್ಕರ್ಷಣೆಯೇ ಎಂದು ಪಠ್ಯ ಹೇಳುವುದನ್ನು ಒಂದೇ ಜಾಲರಿಯ ಮೇಲೆ ಮೂಸಿ ನೋಡಬಹುದು.

ಇಷ್ಟರಲ್ಲಿ 40 ನಿಮಿಷದ ಅವಧಿ ಮುಗಿಯುವುದರಲ್ಲಿತ್ತು. ಮೌಲ್ಯಮಾಪನದ ಪ್ರಶ್ನೆ ಬಂತು: ಈ ಜಾಲರಿಯನ್ನು ತುಕ್ಕಿನಿಂದ ಶಾಶ್ವತವಾಗಿ ಕಾಪಾಡುವುದು ಹೇಗೆ? ಯೋಜನೆಯಲ್ಲಿ ಬರೆದಿದ್ದ ನಿರೀಕ್ಷಿತ ಉತ್ತರ ‘ಬಣ್ಣ ಬಳಿಯುವುದು, ಸತುವಿನ ಲೇಪನ’. ಆ ಉತ್ತರಕ್ಕೆ ಸಹಿ ಹಾಕಿದವನೂ ನಾನೇ. ಮುಂದಿನ ಬೆಂಚಿನ ಹುಡುಗ ಪಠ್ಯದಂತೆಯೇ “ಗ್ಯಾಲ್ವನೀಕರಣ” ಎಂದ. ಪ್ರಶಿಕ್ಷಣಾರ್ಥಿ “ಭೇಷ್” ಎನ್ನುವ ಮೊದಲೇ ಆ ಹುಡುಗಿ, ಈ ಸಲ ಕೈ ಎತ್ತಿ, “ಬೇಡ ಮಿಸ್. ಅಪ್ಪ ಒಂದ್ಸಲ ಹಾರ್ಡ್‌ವೇರ್ ಅಂಗಡಿಯಿಂದ ಜಿಐ ಜಾಲರಿ ತಂದಿದ್ರು. ಹೊಗೆ ಬಂತು, ಬಿಳೀ ಪುಡಿ ಆಯ್ತು. ಬಿಸಾಕಿದ್ರು” ಎಂದಳು.

ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಬರೆಯುವುದನ್ನು ನಿಲ್ಲಿಸಿದೆ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಗಾಳಿ ಹಾಕಿದ ಇದ್ದಿಲ ಕೆಂಡ ಅದಕ್ಕಿಂತ ಬಹಳ ಬಿಸಿ. ಲೇಪನ ಸುಟ್ಟು ಸತುವಿನ ಆಕ್ಸೈಡ್ ಹೊಗೆ ಎದ್ದರೆ, ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ, ಮೈಕೈ ನೋವು ಬರಬಹುದು. ವೆಲ್ಡಿಂಗ್ ಕೆಲಸದವರಿಗೆ ಇದು ಗೊತ್ತು. ಬಣ್ಣವೂ ಬೆಂಕಿಗೆ ನಿಲ್ಲದು, ಸುಟ್ಟ ಬಣ್ಣ ಊಟಕ್ಕೆ ಸೇರುತ್ತದೆ. ಪರೀಕ್ಷೆಯಲ್ಲಿ ಪೂರ್ಣ ಅಂಕ ಕೊಡುವ ಉತ್ತರ ಗಾಡಿಯ ಮೇಲೆ ವಿಷವಾಗುತ್ತಿತ್ತು. ಪಠ್ಯಪುಸ್ತಕ ಬೇಲಿ, ಛಾವಣಿ, ನೀರಿನ ಪೈಪಿನ ವಿಷಯ ಹೇಳುತ್ತದೆ, ತಪ್ಪೇನಿಲ್ಲ. ಉದಾಹರಣೆಯನ್ನು ಬೆಂಕಿಯ ಮೇಲೆ ಇಟ್ಟವರು ನಾವು, ಉತ್ತರವನ್ನು ಮಾತ್ರ ಬೇಲಿಯಿಂದ ತಂದೆವು. ಪಳಗಿಸಿದ ಕಬ್ಬಿಣ, ಇಲ್ಲವೇ ಕೈಗೆಟುಕಿದರೆ ಸ್ಟೇನ್‌ಲೆಸ್ ಸ್ಟೀಲ್, ಇವೆರಡೇ ಸರಿಯಾದ ಉತ್ತರಗಳು.

ಅದೇ ವಾರ ಕುಣಿಗಲ್‌ನಲ್ಲಿ ಇನ್ನೊಬ್ಬ ಪ್ರಶಿಕ್ಷಣಾರ್ಥಿ ಈ ಪಾಠವನ್ನು ತೆಗೆದುಕೊಂಡರು. ಅಲ್ಲಿ ದೊಡ್ಡಕೆರೆಯ ಮೀನಿನಿಂದ ಮಾತು ಶುರುವಾಯಿತು, ಯಾರೂ ಮುಜುಗರಪಡಲಿಲ್ಲ. ಅವರು ಶುಕ್ರವಾರ ಹಳೆಯ ಜಾಲರಿಯ ನಾಲ್ಕು ಕಂಬಿ ತುಂಡುಗಳನ್ನು ಮರಳು ಕಾಗದದಿಂದ ಉಜ್ಜಿ ಕಿಟಕಿಯ ಮೇಲಿಟ್ಟರು: ಒದ್ದೆಯಾಗಿ ಬಿಟ್ಟದ್ದು, ಉಪ್ಪುನೀರಲ್ಲಿ ಅದ್ದಿದ್ದು, ಒರೆಸಿ ಒಣಗಿಸಿದ್ದು, ಬಿಸಿ ಮಾಡಿ ಎಣ್ಣೆ ಸವರಿದ್ದು. ಶನಿವಾರ ಬೆಳಗಿನ ತರಗತಿಗೇ ಉಪ್ಪಿನ ತುಂಡು ಕೆಂಪಾಗಿತ್ತು. ಸೋಮವಾರದ ಹೊತ್ತಿಗೆ ಒದ್ದೆಯದೂ ಅದರ ದಾರಿ ಹಿಡಿದಿತ್ತು. ಮೊಳೆ ಮತ್ತು ಪ್ರನಾಳದ ಪ್ರಯೋಗಕ್ಕೆ ಇದು ಬದಲಿ ಅಲ್ಲ. ನೀರು ಮತ್ತು ಗಾಳಿ ಎರಡೂ ಬೇಕು ಎಂಬುದನ್ನು ಅದೊಂದೇ ಬೇರ್ಪಡಿಸಿ ತೋರಿಸುತ್ತದೆ. ಎರಡನ್ನೂ ಜೊತೆಗಿಡುವುದು ಒಳ್ಳೆಯದು.

ಈ ಪಾಠ ಮಾಡುವವರು ಮಕ್ಕಳಿಗೆ ಹೇಳಲೇಬೇಕಾದ ಕೆಲವು ಎಚ್ಚರಿಕೆಗಳಿವೆ. ತುಕ್ಕು ತೆಗೆಯಲೆಂದು ಶೌಚಾಲಯದ ಆಸಿಡ್ ಬಳಸಬಾರದು. ಅದಕ್ಕೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಹುಣಸೆಹಣ್ಣು ಸಾಕು, ಅದರ ಟಾರ್ಟಾರಿಕ್ ಆಮ್ಲ ತುಕ್ಕನ್ನು ಸಡಿಲಿಸುತ್ತದೆ, ಆದರೆ ಚೆನ್ನಾಗಿ ತೊಳೆಯದಿದ್ದರೆ ಅದೇ ಹೊಸ ತುಕ್ಕಿಗೆ ದಾರಿ. ತಂತಿ ಬ್ರಷ್‌ನ ಎಳೆ ಮುರಿದು ಜಾಲರಿಗೆ ಅಂಟಿ ಊಟದೊಡನೆ ಗಂಟಲಿಗೆ ಹೋದ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿವೆ. ನಾರು, ಅಥವಾ ದೋಸೆ ಹೋಟೆಲಿನವರಂತೆ ಅರ್ಧ ಈರುಳ್ಳಿ, ಅದಕ್ಕಿಂತ ಮೇಲು. ಬೂದಿ ನೀರನ್ನು ಅಲ್ಯೂಮಿನಿಯಂ ತಟ್ಟೆಗೆ ಹಾಕಿಡಬಾರದು, ಪ್ರತ್ಯಾಮ್ಲ ಅದನ್ನು ತಿನ್ನುತ್ತದೆ. ವಿಸ್ತರಣೆಯ ಹಂತಕ್ಕೆ ಇದೇ ಒಳ್ಳೆಯ ಪ್ರಶ್ನೆ. ಕೆಂಡ ಪೂರ್ತಿ ಆರದ ಒಲೆಯನ್ನು ಮಳೆ ಬಂತೆಂದು ಮುಚ್ಚಿದ ಕೋಣೆಗೆ ತರಬಾರದು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ.

ತುಮಕೂರಿಗೆ ಮರಳಿ ಕಾಲೇಜಿನಲ್ಲಿ ಪಾಠ ವಿಮರ್ಶೆಗೆ ಕುಳಿತಾಗ ಎಲ್ಲರೂ ಗುಬ್ಬಿಯ ಪ್ರಶಿಕ್ಷಣಾರ್ಥಿಯನ್ನು ಹೊಗಳಿದರು. ಅವರು ಮಾತ್ರ ಸುಮ್ಮನಿದ್ದರು. ಕೊನೆಗೆ ಹೇಳಿದರು: “ಸರ್, ಅವಳ ಬೆರಳ ತುದಿಗಳು ಬಿರಿದಿವೆ. ಬೂದಿ ನೀರಿಂದ. ರಾತ್ರಿ ಹತ್ತೂವರೆಗೆ ಉಜ್ಜೋಕೆ ಕೂತ್ಕೋತಾಳಂತೆ. ಈ ವರ್ಷ ಎಸ್‌ಎಸ್‌ಎಲ್‌ಸಿ. ಅವಳ ಅನುಭವ ನನ್ನ ಪಾಠಕ್ಕೆ ಅಂಕ ತಂದ್ಕೊಡ್ತು.” ಚರ್ಚೆ ಅಲ್ಲಿಗೆ ಕಾವೇರಿತು. ಮಗುವಿನ ಮನೆಗೆಲಸವನ್ನು ತರಗತಿಯಲ್ಲಿ ಗೌರವಿಸುವುದು ಬೇರೆ, ಆ ಕೆಲಸದ ಹೊರೆಯನ್ನೇ ಮೆಚ್ಚಿದಂತೆ ತೋರುವುದು ಬೇರೆ ಎಂದರು ಒಬ್ಬರು. ಅದು ಅವರ ಅನ್ನದ ಗಾಡಿ, ನಾವು ಹೋಗಿ ಬುದ್ಧಿ ಹೇಳುವುದು ಸರಿಯಲ್ಲ ಎಂದರು ಇನ್ನೊಬ್ಬರು. ಇಬ್ಬರ ಮಾತೂ ನನಗೆ ಸರಿ ಎನಿಸಿತು, ತೀರ್ಪು ಕೊಡಲಿಲ್ಲ.

ಮುಂದಿನ ವಾರ ಪ್ರಶಿಕ್ಷಣಾರ್ಥಿ ಒಂದು ಜೊತೆ ರಬ್ಬರ್ ಕೈಗವಸು ಒಯ್ದರು. ಎಲ್ಲರೆದುರು ಕೊಡದೆ ತರಗತಿ ಶಿಕ್ಷಕಿಯ ಮೂಲಕ ತಲುಪಿಸಿದರು. ಶಿಕ್ಷಕಿ ಹುಡುಗಿಯ ತಾಯಿಯೊಡನೆ ಮಾತಾಡಿದರು. ಪರೀಕ್ಷೆ ಮುಗಿಯುವವರೆಗೆ ಜಾಲರಿಯನ್ನು ರಾತ್ರಿ ಸುಟ್ಟು ಕೆರೆದು ಬಿಡುವುದು, ತೊಳೆಯುವುದನ್ನು ಬೆಳಿಗ್ಗೆ ಅಪ್ಪ ಮಾಡುವುದು ಎಂದು ಮನೆಯವರೇ ಒಪ್ಪಿಕೊಂಡರಂತೆ. ಒಂದು ರಾತ್ರಿ ಉಪ್ಪು ಜಾಲರಿಯ ಮೇಲೆಯೇ ಉಳಿದರೆ ಸ್ವಲ್ಪ ತುಕ್ಕು ಹೆಚ್ಚಬಹುದಲ್ಲ ಎಂದು ಆ ಹುಡುಗಿ ಕೇಳಿದ್ದಳಂತೆ. ಕೆರೆದ ಮೇಲೆ ಬಿಸಿಯಿರುವಾಗಲೇ ಎಣ್ಣೆ ಬಟ್ಟೆ ಆಡಿಸಿ ಎಂದು ಪ್ರಶಿಕ್ಷಣಾರ್ಥಿ ಚೀಟಿ ಬರೆದು ಕಳಿಸಿದರು. ಹುಚ್ಚೆಳ್ಳೆಣ್ಣೆ ಎಂಬ ಪದದ ಕೆಳಗೆ ಎರಡು ಗೆರೆ ಎಳೆದಿದ್ದರು.