ಮೊದಲು ಗಿರಾಕಿ, ಆಮೇಲೆ ಬ್ಯಾಂಕು, ಕೊನೆಗೆ ಸಬ್ಸಿಡಿ

ಚನ್ನರಾಯಪಟ್ಟಣದ ಕಡೆ ತೆಂಗು, ಅರಕಲಗೂಡಿನಲ್ಲಿ ಶುಂಠಿ ಮತ್ತು ಹೊಗೆಸೊಪ್ಪು, ಹಾಸನದ ಸುತ್ತ ಆಲೂಗೆಡ್ಡೆ ಮತ್ತು ಮುಸುಕಿನ ಜೋಳ, ಹೊಳೆನರಸೀಪುರದ ನಾಲೆ ಬಯಲಲ್ಲಿ ಭತ್ತ. ಬೆಳೆ ಬೇರೆಬೇರೆ, ಮಾರುವ ರೀತಿ ಮಾತ್ರ ಒಂದೇ: ಕಿತ್ತದ್ದನ್ನು ಕಿತ್ತ ಹಾಗೇ ಮೂಟೆ ಕಟ್ಟಿ ಕೊಟ್ಟುಬಿಡುವುದು. ಉಂಡೆ ಕೊಬ್ಬರಿ 2023ರಲ್ಲಿ ಕ್ವಿಂಟಲ್‌ಗೆ 8-9 ಸಾವಿರ ರೂಪಾಯಿಯ ಆಸುಪಾಸಿಗೆ ಕುಸಿದಾಗ ನಮ್ಮ ತೆಂಗು ಬೆಳೆಗಾರರಿಗೆ ನಾಫೆಡ್ ಖರೀದಿ ಕೇಂದ್ರದ ಮುಂದೆ ಸಾಲು ನಿಲ್ಲುವುದೊಂದೇ ದಾರಿಯಾಗಿತ್ತು. 2025ರ ಮಧ್ಯದ ಹೊತ್ತಿಗೆ ಅದೇ ಕೊಬ್ಬರಿ 25 ಸಾವಿರ ದಾಟಿತು. ಅಷ್ಟರಲ್ಲಿ ಎಷ್ಟೋ ತೋಟಗಳಲ್ಲಿ ಕಾಯಿ ಬಲಿಯಲು ಬಿಡದೆ ಎಳನೀರಿಗೇ ಇಳಿಸಲಾಗಿತ್ತು. ಬೆಲೆಯ ಈ ಏರಿಳಿತ ರೈತರ ಕೈಯಲ್ಲಿಲ್ಲ. ಬೆಳೆದದ್ದರಲ್ಲಿ ಒಂದಷ್ಟನ್ನಾದರೂ ಊರಲ್ಲೇ ಎಣ್ಣೆ, ಪುಡಿ, ಹಿಟ್ಟು, ಒಣಶುಂಠಿ ಮಾಡಿ ಮಾರುವುದು ಮಾತ್ರ ಕೈಯಲ್ಲಿದೆ. ಅದಕ್ಕೆ ಸರ್ಕಾರದ ಸಹಾಯಧನವೂ ಇದೆ.

ಸಹಾಯಧನದ ಯೋಜನೆಗಳಲ್ಲಿ ನಮ್ಮ ಭಾಗಕ್ಕೆ ಹೆಚ್ಚು ಹೊಂದುವುದು ಪ್ರಧಾನ ಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಕ್ರಮಬದ್ಧೀಕರಣ ಯೋಜನೆ. ಪಿಎಂಎಫ್‌ಎಂಇ ಎಂದೇ ಎಲ್ಲ ಕಚೇರಿಗಳಲ್ಲೂ ಕರೆಯುತ್ತಾರೆ. 2020ರ ಜೂನ್ 29ರಂದು 10,000 ಕೋಟಿ ರೂಪಾಯಿ ಗಾತ್ರದಲ್ಲಿ ಇದು ಆರಂಭವಾಯಿತು. ಘಟಕದ ಅರ್ಹ ವೆಚ್ಚದಲ್ಲಿ ಶೇ. 35ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ ಸಹಾಯಧನ ದೇಶಕ್ಕೆಲ್ಲ ಅನ್ವಯಿಸುವ ಲೆಕ್ಕ. ಕರ್ನಾಟಕ ಸರ್ಕಾರ ತನ್ನ ಪಾಲಿಗೆ ಇನ್ನೂ ಶೇ. 15 ಸೇರಿಸಿದ್ದರಿಂದ ನಮ್ಮಲ್ಲಿ ಅದು ಶೇ. 50, ಹೆಚ್ಚೆಂದರೆ 15 ಲಕ್ಷ. ರಾಜ್ಯದಲ್ಲಿ ಇದನ್ನು ನಡೆಸುವುದು ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತಿನ ಸರ್ಕಾರಿ ನಿಗಮವಾದ ಕೆಪೆಕ್. ಜಿಲ್ಲೆಯಲ್ಲಿ ಜಂಟಿ ಕೃಷಿ ನಿರ್ದೇಶಕರ ಕಚೇರಿ. ಒಂದು ಜಿಲ್ಲೆ ಒಂದು ಉತ್ಪನ್ನ ಎಂಬ ಪಟ್ಟಿಯಲ್ಲಿ ಹಾಸನಕ್ಕೆ ಸಿಕ್ಕಿರುವುದು ತೆಂಗು. ಹಾಗೆಂದು ಅರಕಲಗೂಡಿನ ಶುಂಠಿ ಬೆಳೆಗಾರರು ಹಿಂದೆ ಸರಿಯಬೇಕಿಲ್ಲ. ಪಟ್ಟಿಯಲ್ಲಿಲ್ಲದ ಆಹಾರ ಪದಾರ್ಥಗಳ ಘಟಕಕ್ಕೂ ಅವಕಾಶ ಮಾಡಿಕೊಡಲಾಗಿದೆ. ರಾಗಿ ಹಿಟ್ಟಿನ ಗಿರಣಿ, ಖಾರದಪುಡಿ, ಸಾಂಬಾರ ಪುಡಿ, ಚಿಪ್ಸ್, ಬೇಕರಿ ಎಲ್ಲವೂ ಇದರೊಳಗೆ ಬರುತ್ತವೆ. ಯೋಜನೆಯ ಅವಧಿಯನ್ನು 2025-26ರ ಕೊನೆಯವರೆಗೆ ವಿಸ್ತರಿಸಲಾಗಿತ್ತು. ಆದ್ದರಿಂದ ಕಾಗದಪತ್ರಕ್ಕೆ ಓಡಾಡುವ ಮುಂಚೆ, ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ಮಾತು ಕೇಳಿಕೊಳ್ಳಿ.

ಶೇ. 50 ಎಂದ ಕೂಡಲೇ, ಹತ್ತು ಲಕ್ಷದ ಯಂತ್ರಕ್ಕೆ ಐದು ಲಕ್ಷ ಕೈಗೆ ಬರುತ್ತದೆ ಎಂದು ಬಹಳ ಜನ ತಿಳಿಯುತ್ತಾರೆ. ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ. ಇದು ಬ್ಯಾಂಕ್ ಸಾಲಕ್ಕೆ ಜೋಡಿಸಿದ ಸಹಾಯಧನ. ಒಂದು ಸಣ್ಣ ಕೊಬ್ಬರಿ ಎಣ್ಣೆ ಗಾಣದ ಘಟಕಕ್ಕೆ 10 ಲಕ್ಷ ವೆಚ್ಚ ಎಂದಿಟ್ಟುಕೊಳ್ಳಿ. ಶೇ. 10, ಅಂದರೆ 1 ಲಕ್ಷ, ನೀವು ಹಾಕಬೇಕು. 9 ಲಕ್ಷ ಬ್ಯಾಂಕ್ ಸಾಲ. ಸಾಲ ಬಿಡುಗಡೆಯಾಗಿ ಘಟಕ ನಿಂತ ಮೇಲೆ 5 ಲಕ್ಷ ಸಹಾಯಧನ ಬ್ಯಾಂಕಿಗೆ ಬಂದು, ನಿಮ್ಮ ಹೆಸರಿನ ಬೇರೊಂದು ಖಾತೆಯಲ್ಲಿ ಕೂರುತ್ತದೆ. ಅಲ್ಲಿಂದಾಚೆ ಆ 5 ಲಕ್ಷದಷ್ಟು ಸಾಲಕ್ಕೆ ಬ್ಯಾಂಕು ಬಡ್ಡಿ ಹಾಕುವುದಿಲ್ಲ. ಸಾಲದ ಕೊನೆಯ ಕಂತು ಬಿಡುಗಡೆಯಾಗಿ 3 ವರ್ಷ ಕಳೆದಾಗ ಘಟಕ ಓಡುತ್ತಿರಬೇಕು, ಸಾಲದ ಖಾತೆ ಸುಸ್ತಿಯಾಗಿರಬಾರದು. ಆಗ ಮಾತ್ರ ಅದು ಸಾಲಕ್ಕೆ ಜಮೆಯಾಗುತ್ತದೆ. ನಡುವೆ ಗಾಣ ನಿಂತುಹೋದರೆ ಅಥವಾ ಕಂತು ತಪ್ಪಿ ಖಾತೆ ಸುಸ್ತಿಗೆ ಬಿದ್ದರೆ ಸಹಾಯಧನವೂ ಹೋಯಿತು, ಪೂರ್ತಿ ಸಾಲವೂ ನಿಮ್ಮ ತಲೆಯ ಮೇಲೆ ಉಳಿಯಿತು.

ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಹಾಕೋಣ. 9 ಲಕ್ಷಕ್ಕೆ ಶೇ. 10.5 ಬಡ್ಡಿ, 5 ವರ್ಷದ ಅವಧಿ ಎಂದಾದರೆ ತಿಂಗಳ ಕಂತು ಸುಮಾರು 19,300 ರೂಪಾಯಿ. ಸಹಾಯಧನ ಬರುವವರೆಗೆ ಇಡೀ 9 ಲಕ್ಷಕ್ಕೂ ಬಡ್ಡಿ ಓಡುತ್ತಿರುತ್ತದೆ. ಅದು ಬರಲು ತಿಂಗಳುಗಳೇ ಹಿಡಿಯಬಹುದು. ಸಹಾಯಧನ ಕಳೆದು ಉಳಿಯುವ ಬರೀ 4 ಲಕ್ಷದ ಸಾಲವಾಗಿದ್ದರೆ ಕಂತು ಸುಮಾರು 8,600 ಆಗುತ್ತಿತ್ತು. ಆ ಸಣ್ಣ ಕಂತನ್ನು ನಂಬಿ ಗಾಣ ಹಾಕಬೇಡಿ. ಮೊದಲ ವರ್ಷ ದೊಡ್ಡ ಕಂತನ್ನೇ ಕಟ್ಟುವ ಶಕ್ತಿ ಇದೆಯೇ ಎಂದು ನೋಡಿಕೊಳ್ಳಿ. ಹಾಲಿನ ಬಟವಾಡೆಯೋ ಇನ್ನಾವುದೋ ತಿಂಗಳ ವರಮಾನ ಬೆನ್ನಿಗಿದ್ದರೆ ಧೈರ್ಯ ಮಾಡಬಹುದು.

ಇನ್ನೂ ದೊಡ್ಡ ತೊಡಕು ದುಡಿಯುವ ಬಂಡವಾಳದ್ದು. ಜಮೀನಿನ ಬೆಲೆಯನ್ನು ಯೋಜನೆಯ ವೆಚ್ಚಕ್ಕೆ ಸೇರಿಸುವಂತಿಲ್ಲ. ಕಟ್ಟಡದ ಕೆಲಸ ಅರ್ಹ ವೆಚ್ಚದ ಶೇ. 30 ಮೀರುವಂತಿಲ್ಲ. ಕೊಬ್ಬರಿ ಕೊಳ್ಳುವ ಹಣಕ್ಕೆ ಸಹಾಯಧನವೇ ಇಲ್ಲ. ಒಳ್ಳೆಯ ಒಣಗಿದ ಕೊಬ್ಬರಿಯಲ್ಲಿ ಶೇ. 60ಕ್ಕಿಂತ ಹೆಚ್ಚು ಎಣ್ಣೆ ಸಿಗುತ್ತದೆ, ಉಳಿದದ್ದು ಹಿಂಡಿ. ಕ್ವಿಂಟಲ್‌ಗೆ 9 ಸಾವಿರ ಇದ್ದಾಗ 10 ಕ್ವಿಂಟಲ್ ಕೊಬ್ಬರಿಗೆ 90 ಸಾವಿರ ಸಾಕು. 25 ಸಾವಿರವಾದರೆ ಅಷ್ಟೇ ಕೊಬ್ಬರಿಗೆ ಎರಡೂವರೆ ಲಕ್ಷ ಬೇಕು. ಯಂತ್ರಕ್ಕೆಂದು ಸಾಲ ಪಡೆದು, ಕೊಬ್ಬರಿಗೆ ದುಡ್ಡಿಲ್ಲದೆ ಶೆಡ್ಡಿಗೆ ಬೀಗ ಬೀಳುವುದು ಹೀಗೆಯೇ. ಅವಧಿ ಸಾಲದ ಜೊತೆಗೇ ದುಡಿಯುವ ಬಂಡವಾಳದ ಮಿತಿಯನ್ನೂ ಅದೇ ಯೋಜನಾ ವರದಿಯಲ್ಲಿ ಕೇಳಿ ಬರೆಸಿ. ನನ್ನ ಅಭಿಪ್ರಾಯದಲ್ಲಿ ಸ್ವಂತ ತೋಟದ ಕಾಯಿಯಿಂದ ವರ್ಷದಲ್ಲಿ ಕೆಲವು ತಿಂಗಳಾದರೂ ಗಾಣ ತಿರುಗುವ ಹಾಗಿದ್ದವರಿಗೆ ಮಾತ್ರ ಇದು ಸರಿ. ಪೂರ್ತಿ ಪೇಟೆಯ ಕೊಬ್ಬರಿಯನ್ನೇ ನಂಬುವವರು ಕೂಲಿಗೆ ಎಣ್ಣೆ ಬಿಡಿಸಿಕೊಡುವ ಗಾಣವಾಗಿ ನಡೆಸುವುದು ಲೇಸು. ಕೊಬ್ಬರಿ ತಂದವರದು, ಬೆಲೆಯ ಭಯವೂ ಅವರದು.

ಯಾವ ಅರ್ಜಿಗೂ ಮುಂಚೆ ಮಾಡಬೇಕಾದ ಒಂದು ಕೆಲಸವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನಿಮ್ಮದೇ ಕೊಬ್ಬರಿಯನ್ನು ಊರಿನ ಅಥವಾ ಪಕ್ಕದ ಪೇಟೆಯ ಗಾಣದಲ್ಲಿ ಕೂಲಿ ಕೊಟ್ಟು ಎಣ್ಣೆ ಮಾಡಿಸಿ. ಸಂತೆಯಲ್ಲಿ, ನೆಂಟರಿಷ್ಟರ ಮನೆಗಳಲ್ಲಿ, ಬೆಂಗಳೂರಿನಲ್ಲಿರುವ ಮಕ್ಕಳ ಬಡಾವಣೆಯಲ್ಲಿ ಮಾರಿ ನೋಡಿ. ಒಂದು ಸಲ ಕೊಂಡವರು ಎರಡನೆಯ ಸಲ ಕೇಳಿಕೊಂಡು ಬರುತ್ತಾರೆಯೇ, ಎಷ್ಟು ಬೆಲೆಗೆ ಬರುತ್ತಾರೆ, ತಿಂಗಳಿಗೆ ಎಷ್ಟು ಲೀಟರ್ ಹೋಗುತ್ತದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಹಣವನ್ನು ಆದಷ್ಟೂ ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಬ್ಯಾಂಕಿನ ವ್ಯವಸ್ಥಾಪಕರ ಮುಂದೆ ಆ ಪುಸ್ತಕ ಮತ್ತು ಪಾಸ್‌ಬುಕ್ ಇಟ್ಟರೆ ಅಚ್ಚುಕಟ್ಟಾಗಿ ಬೈಂಡ್ ಮಾಡಿಸಿದ ಯೋಜನಾ ವರದಿಗಿಂತ ಹೆಚ್ಚಿನ ಮಾತು ಅವೇ ಆಡುತ್ತವೆ. ಶುಂಠಿಗೂ ಇದೇ ಮಾತು. ಅರಕಲಗೂಡಿನಲ್ಲಿ ಹಸಿ ಶುಂಠಿ ಕೊಳ್ಳುವ ವ್ಯಾಪಾರಿಗಳು ಹೊಲಕ್ಕೇ ಬರುತ್ತಾರೆ, ಒಣಶುಂಠಿಗೆ ಗಿರಾಕಿಯನ್ನು ನೀವೇ ಹುಡುಕಬೇಕು. ನೀರಿನಂಶ ಹೆಚ್ಚಿರುವ, ಬರೀ ಹಸಿಗೆಂದು ಬೆಳೆದ ತಳಿ ಒಣಗಿಸಿದರೆ ತೂಕ ಬಹಳ ಇಳಿಯುತ್ತದೆ. ಡ್ರೈಯರ್‌ಗೆ ಅರ್ಜಿ ಹಾಕುವ ಮುಂಚೆ ಒಂದು ಮೂಟೆ ಒಣಗಿಸಿ ತೂಗಿ ನೋಡಿ. ಮಾಡುವ ವಿಧಾನ ಕಲಿಯಲು ಕಂದಲಿಯ ಕೃಷಿ ವಿಜ್ಞಾನ ಕೇಂದ್ರವಿದೆ, ಕಾರೆಕೆರೆಯ ಕೃಷಿ ಕಾಲೇಜಿದೆ, ಮೈಸೂರಿನ ಸಿಎಫ್‌ಟಿಆರ್‌ಐ ಹತ್ತಿರದಲ್ಲೇ ಇದೆ.

ಈಗ ಕಾಗದಪತ್ರ. ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ಜಾಗ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡಿದ್ದಾರೆ, ಶೆಡ್ಡು ಒಬ್ಬರ ಪಾಲಿನಲ್ಲಿದೆ. ಬ್ಯಾಂಕು ಇದನ್ನು ಒಪ್ಪುವುದಿಲ್ಲ. ಪೌತಿ ಖಾತೆ ಮಾಡಿಸಿಕೊಳ್ಳುವುದು ಸಾಲದ ಮಾತಿಗಿಂತ ಮೊದಲಿನ ಕೆಲಸ. ಊರೊಳಗಿನ ಜಾಗವಾದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ಬೇಕು. ಕೃಷಿ ಜಮೀನಿನಲ್ಲಿ ಘಟಕ ಕಟ್ಟುವುದಾದರೆ ಭೂಪರಿವರ್ತನೆಯ ವಿಚಾರವನ್ನು ತಾಲ್ಲೂಕು ಕಚೇರಿಯಲ್ಲಿ ಮೊದಲೇ ಬಗೆಹರಿಸಿಕೊಳ್ಳಿ. ಸ್ವಂತ ಜಾಗವಿಲ್ಲದವರು ಬಾಡಿಗೆ ಕರಾರಿನ ಮೇಲೂ ಘಟಕ ಹಾಕಬಹುದು. ಕರಾರು ಸಾಲದ ಅವಧಿಯುದ್ದಕ್ಕೂ ಇರುವಂತೆ ನೋಡಿಕೊಳ್ಳಿ.

ಎರಡನೆಯದು ಹಳೆಯ ಸಾಲ. ಸೊಸೈಟಿಯ ಬೆಳೆಸಾಲ, ಟ್ರ್ಯಾಕ್ಟರ್ ಕಂತು, ಚಿನ್ನದ ಸಾಲ, ಯಾರಿಗೋ ಹಾಕಿದ ಜಾಮೀನು, ಇವುಗಳಲ್ಲಿ ಯಾವುದಾದರೂ ಸುಸ್ತಿಯಾಗಿದ್ದರೆ ಸಾಲದ ಚರಿತ್ರೆಯ ಸಿಬಿಲ್ ವರದಿಯಲ್ಲಿ ಕಾಣುತ್ತದೆ. ವರ್ಷಕ್ಕೊಮ್ಮೆ ನಿಮ್ಮ ಪೂರ್ತಿ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ನಿಮಗಿದೆ. ಮೊದಲು ಅದನ್ನು ನೋಡಿ. ಒಂದೇ ಕಂತಿನ ಇತ್ಯರ್ಥದಲ್ಲಿ ಸಾಲ ತೀರಿಸಿದ್ದರೂ ಅದು ವರದಿಯಲ್ಲಿ ಗುರುತಾಗಿ ಉಳಿಯುತ್ತದೆ. ಅದನ್ನು ಮುಚ್ಚಿಡದೆ ಬ್ಯಾಂಕಿನವರಿಗೆ ಮೊದಲೇ ಹೇಳುವುದು ಒಳ್ಳೆಯದು. ಅಡಮಾನದ ಭಯ ಮಾತ್ರ ಬೇಡ. ಕಿರು ಉದ್ದಿಮೆಯ 10 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕುಗಳು ಜಮೀನು, ಮನೆ ಅಡವು ಕೇಳುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ಸ್ಪಷ್ಟ ಸೂಚನೆಯಿದೆ.

ಉಳಿದ ದಾಖಲೆಗಳು ಸುಲಭ: ಆಧಾರ್, ಪ್ಯಾನ್, 6 ತಿಂಗಳ ಬ್ಯಾಂಕ್ ವ್ಯವಹಾರದ ಪಟ್ಟಿ, ವಿದ್ಯುತ್ ಬಿಲ್, ಯಂತ್ರದ ಕೊಟೇಶನ್, ಉದ್ಯಮ್ ನೋಂದಣಿ, ಎಫ್‌ಎಸ್‌ಎಸ್‌ಎಐ ನೋಂದಣಿ, ಪಂಚಾಯಿತಿಯ ಪರವಾನಗಿ. ಮೂರು ಫೇಸ್ ವಿದ್ಯುತ್ತಿಗೆ ಸೆಸ್ಕ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಪಂಪ್‌ಸೆಟ್ಟಿನ ಲೈನಿನಿಂದ ಗಾಣ ಓಡಿಸುವಂತಿಲ್ಲ. ಸಾಲ ಮಂಜೂರಾಗುವ ಮುಂಚೆ ಕೈಯಿಂದ ದುಡ್ಡು ಹಾಕಿ ಯಂತ್ರ ತಂದುಬಿಡಬೇಡಿ. ಸಾಲವಿಲ್ಲದೆ ಕೊಂಡ ಯಂತ್ರಕ್ಕೆ ಸಹಾಯಧನ ಇಲ್ಲ. ಅರ್ಜಿಯನ್ನು ಯೋಜನೆಯ ಪೋರ್ಟಲ್‌ನಲ್ಲಿ ಹಾಕಿದ ಮೇಲೆ ಜಿಲ್ಲಾ ಮಟ್ಟದ ಸಮಿತಿ ನೋಡಿ ಬ್ಯಾಂಕಿಗೆ ಕಳಿಸುತ್ತದೆ. ಕೊನೆಯ ತೀರ್ಮಾನ ಬ್ಯಾಂಕಿನದು. ಹಾಗಾಗಿ ನಿಮ್ಮ ವ್ಯವಹಾರವಿರುವ ಶಾಖೆಯ ಹೆಸರನ್ನೇ ಅರ್ಜಿಯಲ್ಲಿ ಕೊಡಿ, ಅರ್ಜಿ ಹಾಕುವ ಮೊದಲೇ ಅಲ್ಲಿನ ವ್ಯವಸ್ಥಾಪಕರನ್ನು ಒಮ್ಮೆ ಕಂಡು ಬನ್ನಿ.

ತಿನ್ನುವ ಪದಾರ್ಥವಲ್ಲದ ಕಸುಬಿಗೆ ದಾರಿ ಬೇರೆ. ತೆಂಗಿನ ನಾರು, ಚಿಪ್ಪಿನ ಇದ್ದಿಲು, ಇಂಥವಕ್ಕೆ ಪ್ರಧಾನ ಮಂತ್ರಿ ಉದ್ಯೋಗ ಸೃಜನ ಯೋಜನೆ, ಅಂದರೆ ಪಿಎಂಇಜಿಪಿ ಇದೆ. ಹಾಸನದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ತಯಾರಿಕಾ ಘಟಕಕ್ಕೆ 50 ಲಕ್ಷದವರೆಗಿನ ಯೋಜನೆ, ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 25, ಮಹಿಳೆಯರಿಗೆ ಮತ್ತು ಪರಿಶಿಷ್ಟ, ಹಿಂದುಳಿದ, ಅಲ್ಪಸಂಖ್ಯಾತ ವರ್ಗದವರಿಗೆ ಶೇ. 35. ಇದು ಹೊಸ ಘಟಕಕ್ಕೆ ಮಾತ್ರ. ಸಾಲದ ಗೊಡವೆಯೇ ಬೇಡ, ಮನೆಮಟ್ಟದ ಹಿಟ್ಟಿನ ಯಂತ್ರ, ಸಣ್ಣ ಗಾಣ ಸಾಕು ಎನ್ನುವವರಿಗೆ ಕೃಷಿ ಇಲಾಖೆಯ ಸಂಸ್ಕರಣಾ ಯಂತ್ರಗಳ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 50, ಪರಿಶಿಷ್ಟ ಜಾತಿ, ಪಂಗಡದ ರೈತರಿಗೆ ಶೇ. 90ರವರೆಗೆ ರಿಯಾಯಿತಿ ಉಂಟು. ಅದಕ್ಕೆ ಫ್ರೂಟ್ಸ್ ರೈತ ನೋಂದಣಿಯ ಎಫ್‌ಐಡಿ ಸಂಖ್ಯೆ ಬೇಕು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಆಹಾರ ತಯಾರಿಕೆಯಲ್ಲಿದ್ದರೆ ಪಿಎಂಎಫ್‌ಎಂಇ ಅಡಿಯಲ್ಲಿ ಸದಸ್ಯೆಗೆ 40 ಸಾವಿರ ರೂಪಾಯಿಯವರೆಗೆ ಬೀಜಧನ ಸಂಘಕ್ಕೆ ಸಿಗುತ್ತದೆ. ಹಪ್ಪಳ, ಚಟ್ನಿಪುಡಿ ಮಾಡುವ ನಮ್ಮ ಸಂಘಗಳಿಗೆ ಕಚ್ಚಾ ಸಾಮಗ್ರಿ ಕೊಳ್ಳಲು, ಸಣ್ಣಪುಟ್ಟ ಸಲಕರಣೆಗೆ ಇದು ದೊಡ್ಡ ಆಸರೆ. ಗೋದಾಮು ಅಥವಾ ಶೀತಲಗೃಹ ಯೋಚಿಸುವ ರೈತ ಉತ್ಪಾದಕ ಕಂಪನಿಗಳು ಕೃಷಿ ಮೂಲಸೌಕರ್ಯ ನಿಧಿಯನ್ನು ನೋಡಬೇಕು: 2 ಕೋಟಿವರೆಗಿನ ಸಾಲಕ್ಕೆ 7 ವರ್ಷದವರೆಗೆ ಶೇ. 3 ಬಡ್ಡಿ ರಿಯಾಯಿತಿ. ಆಹಾರ ಸಂಸ್ಕರಣೆಯ ಸಹಾಯಧನದ ಜೊತೆಗೂ ಇದನ್ನು ಪಡೆಯಬಹುದು.

ಕೊನೆಗೆ ಮಧ್ಯವರ್ತಿಗಳ ವಿಚಾರ. ಪೋರ್ಟಲ್‌ನಲ್ಲಿ ಅರ್ಜಿ ತುಂಬಲು, ಯೋಜನಾ ವರದಿ ಬರೆಯಲು, ಬ್ಯಾಂಕಿಗೆ ಜೊತೆಯಲ್ಲಿ ಬರಲು ಪ್ರತಿ ಜಿಲ್ಲೆಗೂ ಪಿಎಂಎಫ್‌ಎಂಇ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸಲಾಗಿದೆ. ಹಾಸನ ಜಿಲ್ಲೆಯವರ ಹೆಸರು, ದೂರವಾಣಿ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಸಿಗುತ್ತವೆ. ಮಂಜೂರಾದ ಪ್ರತಿ ಅರ್ಜಿಗೂ ಸರ್ಕಾರವೇ ಅವರಿಗೆ ಸಂಭಾವನೆ ಕೊಡುತ್ತದೆ. ಅವರ ಸೇವೆಗಾಗಲಿ, ಅರ್ಜಿಗಾಗಲಿ, ಉದ್ಯಮ್ ನೋಂದಣಿಗಾಗಲಿ ರೈತರು ಯಾರಿಗೂ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ.