ಕ್ಯಾಮೆರಾಕ್ಕಿಂತ ಮೊದಲು ಮೈಕು

ಪದವಿಯ ಕೊನೆಯ ವರ್ಷದಲ್ಲಿದ್ದೀರಿ, ಕಿರುಚಿತ್ರದ ಹಂಬಲವಿದೆ, ಕೂಡಿಟ್ಟ ಹಣದಲ್ಲಿ ದೊಡ್ಡ ಕ್ಯಾಮೆರಾ ಕೊಳ್ಳಲೇ ಎಂದು ಕೇಳಿದ್ದೀರಿ. ಈಗ ಬೇಡ. ಮೊಬೈಲಿನಲ್ಲೇ ಚಿತ್ರೀಕರಿಸಿ, ಆ ಹಣಕ್ಕೆ ಸಣ್ಣ ರೆಕಾರ್ಡರ್, ಕಾಲರ್ ಮೈಕು, ಒಳ್ಳೆಯ ಹೆಡ್‌ಫೋನ್ ತನ್ನಿ. ದೃಶ್ಯ ತುಸು ಮಬ್ಬಾದರೂ ಪ್ರೇಕ್ಷಕರು ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ.

ಮೈಕು ಬಾಯಿಗೆ ಹತ್ತಿರವಿರಲಿ. ಫ್ಯಾನು, ಫ್ರಿಜ್ಜು ಆರಿಸಿ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಮಾತಿನ ಏರು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ 30 ಸೆಕೆಂಡ್ ಅಲ್ಲಿನ ಮೌನವನ್ನೇ ಮುದ್ರಿಸಿಕೊಳ್ಳಿ. ಸಂಕಲನದಲ್ಲಿ ಮಾತುಗಳ ನಡುವಿನ ತೇಪೆ ಮುಚ್ಚುವುದು ಅದೇ. ಹೊಸಬರು ಮರೆಯುವುದೂ ಅದನ್ನೇ.

ಬೆಳಕಿಗೆ ಒಂದು ಕಿಟಕಿ, ಒಂದು ಬಿಳಿ ಥರ್ಮಾಕೋಲ್ ಹಾಳೆ ಸಾಕು. ದೀಪವನ್ನು ಎರಡು ಪಟ್ಟು ದೂರ ಇಟ್ಟರೆ ಮುಖದ ಮೇಲಿನ ಬೆಳಕು ಕಾಲು ಭಾಗಕ್ಕಿಳಿಯುತ್ತದೆ. ಇದನ್ನು ಕಣ್ಣಾರೆ ನೋಡಿ ಕಲಿಯಿರಿ. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ನ ಪ್ರಸಿದ್ಧ ಬೆಳಕಿನ ಕೋಲನ್ನು ಮೂಡಿಸಿದ್ದು ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೊ ಒಳಗೆ ತಂದು. ಆ ಚಿತ್ರವನ್ನು ಒಮ್ಮೆ ಧ್ವನಿ ಆರಿಸಿ ನೋಡಿ, ನೆರಳು ಎಲ್ಲಿ ಬಿದ್ದಿದೆ ಎಂದು ಬರೆದುಕೊಳ್ಳಿ.

ಕ್ರಮವಾಗಿ ಕಲಿಯಬೇಕೆಂದರೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಲ್ಲಿ ಛಾಯಾಗ್ರಹಣ, ಧ್ವನಿಗ್ರಹಣದ ಡಿಪ್ಲೊಮಾಗಳಿವೆ. ಪದವಿ ಮುಗಿದ ಮೇಲೆ ಪುಣೆಯ ಚಲನಚಿತ್ರ ಸಂಸ್ಥೆಯ ಪ್ರವೇಶ ಪರೀಕ್ಷೆಗೂ ಕೂರಬಹುದು. ಅಲ್ಲಿಯವರೆಗೆ ಕಾಯಬೇಡಿ, ಈ ಭಾನುವಾರವೇ ಮನೆಯ ಹಿರಿಯರೊಬ್ಬರನ್ನು ಕಿಟಕಿಯ ಪಕ್ಕ ಕೂರಿಸಿ ಐದು ನಿಮಿಷ ಮಾತಾಡಿಸಿ, ಮುದ್ರಿಸಿ.