ಕೋಡಿ ಬಲ್ಲ ಚಾರ್ಜರ್

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯ ಸೀಮೆಯಲ್ಲಿ ಇರುಳಿನ ಕೆಲಸಗಳು ಹಲವು. ರೇಷ್ಮೆ ಹುಳು ಸಾಕುವ ಮನೆಯವರು ರಾತ್ರಿಯ ವೇಳೆಯೂ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪನ್ನು ಹಾಕಬೇಕಾಗುತ್ತದೆ. ಕನಕಪುರದ ಕಾಡಂಚಿನ ರೈತರು ರಾಗಿ ಹೊಲಕ್ಕೆ ಆನೆಗಳು ಇಳಿಯದಂತೆ ಎಚ್ಚರವಿದ್ದು ಕಾಯಬೇಕಾಗುತ್ತದೆ. ರಾತ್ರಿ ವಿದ್ಯುತ್ತು ಬಂದಾಗ ತೋಟಕ್ಕೆ ನೀರು ಕಟ್ಟಲು ಹೊರಟವನು ಹಾವು ಚೇಳುಗಳನ್ನು ನೋಡಿಕೊಂಡು ಹೆಜ್ಜೆಯಿಡಬೇಕು. ಇವರೆಲ್ಲರ ಕೈಯಲ್ಲಿ ಒಂದು ಟಾರ್ಚು ಇರುತ್ತದೆ. ನಮ್ಮ ಹಳ್ಳಿಗಳಲ್ಲಿ ಟಾರ್ಚನ್ನೇ ‘ಬ್ಯಾಟರಿ’ ಎಂದೂ, ಅದರೊಳಗಿನ ವಿದ್ಯುತ್ಕೋಶವನ್ನು ‘ಶೆಲ್ಲು’ ಎಂದೂ ಕರೆಯುವುದು ವಾಡಿಕೆ. ನಡುರಾತ್ರಿಯಲ್ಲಿ ಶೆಲ್ಲು ಕೈಕೊಟ್ಟರೆ ಪ್ರಾಣಕ್ಕೇ ಸಂಚಕಾರ ಬರಬಹುದು.

ಶೆಲ್ಲುಗಳಲ್ಲಿ ಎರಡು ಬಗೆ. ಒಮ್ಮೆ ಬಳಸಿ ಎಸೆಯುವಂಥದು ಒಂದು. ಬರಿದಾದ ಮೇಲೆ ಮತ್ತೆ ತುಂಬಿಕೊಳ್ಳಬಹುದಾದುದು ಇನ್ನೊಂದು. ಇಟಲಿಯ ವೋಲ್ಟಾ 1800ರಲ್ಲಿ ಪ್ರಕಟಪಡಿಸಿದ ವಿದ್ಯುತ್ಕೋಶಗಳ ಸ್ತಂಭ ಮೊದಲನೆಯ ಬಗೆಯದು. ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ಸೀಸ ಮತ್ತು ಆಮ್ಲಗಳನ್ನು ಬಳಸಿ, ಮರಳಿ ತುಂಬಬಲ್ಲ ಕೋಶವನ್ನು ನಿರ್ಮಿಸಿದನು. ಸ್ವೀಡನ್ನಿನ ಯುಂಗ್ನರ್ 1899ರಲ್ಲಿ ನಿಕಲ್ ಮತ್ತು ಕ್ಯಾಡ್ಮಿಯಂ ಲೋಹಗಳ ಕೋಶವನ್ನು ರೂಪಿಸಿದನು. ಕ್ಯಾಡ್ಮಿಯಂ ವಿಷಕಾರಿಯಾದುದರಿಂದ, ಇಂದು ಮನೆಬಳಕೆಯ ಪೆನ್ಸಿಲ್ ಶೆಲ್ಲುಗಳಲ್ಲಿ ನಿಕಲ್-ಮೆಟಲ್ ಹೈಡ್ರೈಡ್ ಎಂಬ ಬಗೆಯೇ ಹೆಚ್ಚಾಗಿ ಬಳಕೆಯಲ್ಲಿದೆ. ಸರಿಯಾಗಿ ನಡೆಸಿಕೊಂಡರೆ ಇಂಥ ಒಂದು ಶೆಲ್ಲನ್ನು ನೂರಾರು ಬಾರಿ ತುಂಬಿ ಬಳಸಬಹುದು. ಆದರೆ ಅದರ ಆಯಸ್ಸು ಬಹುಮಟ್ಟಿಗೆ ಅದನ್ನು ತುಂಬುವ ಚಾರ್ಜರನ್ನು ಅವಲಂಬಿಸಿರುತ್ತದೆ.

ಈ ಮಾತನ್ನು ತಿಳಿಯಲು ನಮ್ಮ ಸೀಮೆಯ ಕೆರೆಗಳನ್ನು ನೆನೆದರೆ ಸಾಕು. ಕೆರೆಯನ್ನು ಕಟ್ಟಿದ ಹಿರಿಯರು ಏರಿಯನ್ನು ಎತ್ತರಿಸಿ ಸುಮ್ಮನಾಗಲಿಲ್ಲ. ಅದಕ್ಕೊಂದು ಕೋಡಿಯನ್ನೂ ಕಟ್ಟಿದರು. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಕೋಡಿಯಲ್ಲಿ ಹರಿದುಹೋಗುತ್ತದೆ. ಕೋಡಿಯಿಲ್ಲದ ಕೆರೆಗೆ ಎಷ್ಟೇ ಭದ್ರವಾದ ಏರಿಯಿದ್ದರೂ ದೊಡ್ಡ ಮಳೆಗೆ ಅದು ಒಡೆಯುತ್ತದೆ. ಶೆಲ್ಲಿನ ಸ್ಥಿತಿಯೂ ಹೀಗೆಯೇ. ಅದು ತುಂಬಿದ ಮೇಲೂ ವಿದ್ಯುತ್ತು ಹರಿಯುತ್ತಲೇ ಇದ್ದರೆ ಒಳಗೆ ಆಮ್ಲಜನಕ ಹುಟ್ಟುತ್ತದೆ, ಶೆಲ್ಲು ಕಾಯುತ್ತದೆ, ಒತ್ತಡ ಮಿತಿಮೀರಿದಾಗ ಸುರಕ್ಷಾ ರಂಧ್ರ ತೆರೆದು ಅನಿಲವು ಹೊರಬೀಳುತ್ತದೆ. ಇದು ಮತ್ತೆ ಮತ್ತೆ ನಡೆದಂತೆ ಒಳಗಿನ ದ್ರಾವಣ ಒಣಗಿ, ಶೆಲ್ಲು ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ಅಗ್ಗದ ಚಾರ್ಜರುಗಳಲ್ಲಿ ಕೆಲವಕ್ಕೆ ನಿಲ್ಲಿಸುವ ವ್ಯವಸ್ಥೆಯೇ ಇರುವುದಿಲ್ಲ. ಇನ್ನು ಕೆಲವು ಗಡಿಯಾರವನ್ನು ನಂಬಿ ನಡೆಯುತ್ತವೆ. ಗೊತ್ತುಪಡಿಸಿದ ಗಂಟೆಗಳು ಕಳೆದೊಡನೆ ವಿದ್ಯುತ್ತನ್ನು ನಿಲ್ಲಿಸುತ್ತವೆ. ಅರ್ಧ ತುಂಬಿದ ಶೆಲ್ಲಿಗೂ ಪೂರ್ತಿ ಬರಿದಾದ ಶೆಲ್ಲಿಗೂ ಅವು ಒಂದೇ ಅವಧಿಯನ್ನು ಕೊಡುತ್ತವೆ. ಹಳ್ಳಿಗಳಲ್ಲಿ ಇದರಿಂದ ಮತ್ತೊಂದು ಕೇಡುಂಟು. ರಾತ್ರಿ ವಿದ್ಯುತ್ತು ಹೋಗಿ ಬಂದಾಗ ಇಂಥ ಚಾರ್ಜರ್ ಹಿಂದಿನದನ್ನು ಮರೆತು ಗಂಟೆಗಳನ್ನು ಮೊದಲಿನಿಂದ ಎಣಿಸತೊಡಗುತ್ತದೆ. ಮುಕ್ಕಾಲು ತುಂಬಿದ್ದ ಶೆಲ್ಲು ಮತ್ತೊಂದು ಪೂರ್ಣ ಅವಧಿಯ ವಿದ್ಯುತ್ತನ್ನು ಸಹಿಸಬೇಕಾಗುತ್ತದೆ. ವಿದ್ಯುತ್ತು ಆಗಾಗ ಕಡಿತವಾಗುವ ಊರಿನಲ್ಲಿಯೇ ಒಳ್ಳೆಯ ಚಾರ್ಜರಿನ ಅಗತ್ಯ ಹೆಚ್ಚು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

‘ಸ್ಮಾರ್ಟ್’ ಎನಿಸಿಕೊಂಡ ಚಾರ್ಜರ್ ಗಡಿಯಾರವನ್ನಷ್ಟೇ ನೋಡದೆ ಶೆಲ್ಲನ್ನೇ ಗಮನಿಸುತ್ತದೆ. ಶೆಲ್ಲು ತುಂಬುತ್ತಿರುವಾಗ ಅದರ ವೋಲ್ಟೇಜು ಮೆಲ್ಲನೆ ಏರುತ್ತದೆ. ಪೂರ್ತಿ ತುಂಬಿದಾಗ ಶಿಖರವನ್ನು ಮುಟ್ಟಿ, ಕೆಲವೇ ಮಿಲಿವೋಲ್ಟುಗಳಷ್ಟು ಕೆಳಗಿಳಿಯುತ್ತದೆ. ಅದೇ ಹೊತ್ತಿಗೆ ಶಾಖವೂ ಬೇಗಬೇಗನೆ ಏರುತ್ತದೆ. ಈ ಸಣ್ಣ ಇಳಿತವೇ ಶೆಲ್ಲಿನ ಕೋಡಿಯ ಸೂಚನೆ. ಅದನ್ನು ಕಂಡೊಡನೆ ಚಾರ್ಜರ್ ವಿದ್ಯುತ್ತನ್ನು ನಿಲ್ಲಿಸುತ್ತದೆ. ನಡುವೆ ವಿದ್ಯುತ್ತು ಹೋಗಿ ಬಂದರೂ, ಶೆಲ್ಲು ತುಂಬಿರುವುದನ್ನು ಸ್ವಲ್ಪ ಹೊತ್ತಿನಲ್ಲಿಯೇ ಗುರುತಿಸಬಲ್ಲದು.

ಹಾಗಾದರೆ ಚಾರ್ಜರನ್ನು ಕೊಳ್ಳುವಾಗ ನೋಡಬೇಕಾದುದೇನು? ಮೊದಲನೆಯದಾಗಿ, ಪ್ರತಿಯೊಂದು ಶೆಲ್ಲನ್ನೂ ಬೇರೆಬೇರೆಯಾಗಿ ಗಮನಿಸುವ ವ್ಯವಸ್ಥೆ ಇರಬೇಕು. ಎರಡೆರಡು ಶೆಲ್ಲುಗಳನ್ನು ಜೋಡಿಯಾಗಿ ತುಂಬುವ ಚಾರ್ಜರಿನಲ್ಲಿ ಒಂದು ತುಂಬಿ ಕಾಯುತ್ತಿದ್ದರೂ ಇನ್ನೊಂದು ಅರೆಬರಿದಾಗಿರಬಹುದು. ಎರಡನೆಯದಾಗಿ, ಶಾಖ ಹೆಚ್ಚಾದಾಗ ತಾನಾಗಿ ನಿಲ್ಲುವ ಏರ್ಪಾಡು ಇರಬೇಕು. ಮೂರನೆಯದಾಗಿ, ಕೆಟ್ಟ ಶೆಲ್ಲನ್ನೂ ತುಂಬಬಾರದ ಶೆಲ್ಲನ್ನೂ ಗುರುತಿಸಿ ನಿರಾಕರಿಸುವಂತಿರಬೇಕು. ನಾಲ್ಕನೆಯದಾಗಿ, ತುಂಬುವ ವೇಗವನ್ನು ನೋಡಬೇಕು. ಶೆಲ್ಲಿನ ಮೇಲೆ 2000 ಮಿಲಿಆಂಪಿಯರ್-ಗಂಟೆ ಎಂದು ಬರೆದಿದ್ದರೆ, 200 ಮಿಲಿಆಂಪಿಯರ್ ವಿದ್ಯುತ್ತಿನಲ್ಲಿ ಅದು 10 ಗಂಟೆಗಳಲ್ಲಿ ತುಂಬಬೇಕೆಂದು ಲೆಕ್ಕ ಹೇಳುತ್ತದೆ. ಒಂದು ಭಾಗ ಶಾಖವಾಗಿ ನಷ್ಟವಾಗುವುದರಿಂದ 14ರಿಂದ 16 ಗಂಟೆಗಳು ಬೇಕಾಗುತ್ತವೆ. 1000 ಮಿಲಿಆಂಪಿಯರಿನಲ್ಲಿ ಎರಡು ಗಂಟೆಗಳಿಗಿಂತ ತುಸು ಹೆಚ್ಚು ಸಾಕು. ವಿದ್ಯುತ್ತು ತೀರ ಕಡಿಮೆಯಾದರೆ ವೋಲ್ಟೇಜಿನ ಸಣ್ಣ ಇಳಿತ ಚಾರ್ಜರಿನ ಗಮನಕ್ಕೆ ಬಾರದೆ ಹೋಗಬಹುದು. ತೀರ ಹೆಚ್ಚಾದರೆ ಶೆಲ್ಲು ಕಾಯುತ್ತದೆ. ಆದುದರಿಂದ ‘ಕಾಲು ಗಂಟೆಯಲ್ಲಿ ತುಂಬುತ್ತದೆ’ ಎಂಬ ಜಾಹೀರಾತಿಗೆ ಮಾರುಹೋಗದೆ ಮಧ್ಯಮ ವೇಗವನ್ನು ಆರಿಸುವುದು ಲೇಸು.

ಎಲ್ಲ ಕೆಲಸಕ್ಕೂ ಇಂಥ ಶೆಲ್ಲೇ ಬೇಕೆಂದಿಲ್ಲ. ಚನ್ನಪಟ್ಟಣದ ಮರದ ಗೊಂಬೆಗೆ ಶೆಲ್ಲಿನ ಹಂಗೇ ಇಲ್ಲ. ಓಡುವ ಆಟಿಕೆಗಾದರೋ ವಾರಕ್ಕೊಮ್ಮೆ ಹೊಸ ಶೆಲ್ಲು ಬೇಕಾದೀತು. ಅಂಥ ಆಟಿಕೆಗೂ ದಿನವೂ ಉರಿಸುವ ಟಾರ್ಚಿಗೂ ಮರಳಿ ತುಂಬುವ ಶೆಲ್ಲು ಲಾಭಕರ. ಗೋಡೆ ಗಡಿಯಾರ ಒಂದು ಸಾಧಾರಣ ಶೆಲ್ಲಿನಲ್ಲಿಯೇ ತಿಂಗಳುಗಟ್ಟಲೆ ನಡೆಯುತ್ತದೆ.

ಎಚ್ಚರಿಕೆಯ ಮಾತೊಂದಿದೆ. ಒಮ್ಮೆ ಬಳಸಿ ಎಸೆಯುವ ಶೆಲ್ಲನ್ನು ಎಂದಿಗೂ ಚಾರ್ಜರಿಗೆ ಹಾಕಬಾರದು. ಅದು ಸೋರಬಹುದು, ಸಿಡಿಯಲೂಬಹುದು. ಲಿಥಿಯಂ ಶೆಲ್ಲನ್ನು ನಿಕಲ್ ಶೆಲ್ಲಿನ ಚಾರ್ಜರಿನಲ್ಲಿ ತುಂಬುವುದು ಬೆಂಕಿಗೆ ಆಹ್ವಾನವಿತ್ತಂತೆ. ಯಾವ ಬಗೆಯ ಶೆಲ್ಲಿಗೆ ಯಾವ ಚಾರ್ಜರ್ ಎಂಬುದನ್ನು ಅದರ ಮೇಲಿನ ಬರಹದಿಂದ ಓದಿ ತಿಳಿಯಬೇಕು. ತುಂಬುವಾಗ ಅದನ್ನು ಹಾಸಿಗೆಯ ಮೇಲಾಗಲಿ, ಒಣಸೊಪ್ಪಿನ ಬಳಿಯಲ್ಲಾಗಲಿ ಇಡಬಾರದು.

ಎಷ್ಟು ಜೋಪಾನ ಮಾಡಿದರೂ ಶೆಲ್ಲಿಗೆ ಒಂದು ಕೊನೆಯುಂಟು. ಸತ್ತ ಶೆಲ್ಲನ್ನು ತಿಪ್ಪೆಗೆಸೆದರೆ ಅದರೊಳಗಿನ ಲೋಹಗಳು ಗೊಬ್ಬರದೊಡನೆ ಹೊಲವನ್ನು ಸೇರಬಹುದು. ಭಾರತ ಸರ್ಕಾರವು 2022ರಲ್ಲಿ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣೆಯ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒದಗಿಸುವ ಹೊಣೆಯನ್ನು ತಯಾರಕರ ಮೇಲೆ ಇರಿಸಿವೆ. ಅವುಗಳನ್ನು ಬೇರೆ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿರಿಸಿ, ಸಂಗ್ರಹಿಸುವವರಿಗೆ ಒಪ್ಪಿಸುವುದು ಬಳಸುವವರ ಕರ್ತವ್ಯ.

ಅಗ್ಗದ ಚಾರ್ಜರನ್ನು ಕೊಂಡವನು ಅಂದು ಕೆಲವು ರೂಪಾಯಿಗಳನ್ನು ಉಳಿಸುತ್ತಾನೆ. ಮುಂದೆ ಒಂದೊಂದಾಗಿ ಸಾಯುವ ಶೆಲ್ಲುಗಳ ಮೂಲಕ ಅದರ ಹಲವು ಪಟ್ಟನ್ನು ತೆರುತ್ತಾನೆ. ಕೊಳ್ಳುವ ಮೊದಲು ‘ಇದು ಎಷ್ಟು ಬೇಗ ತುಂಬುತ್ತದೆ?’ ಎಂದು ಕೇಳುವವರೇ ಹೆಚ್ಚು. ‘ತುಂಬಿದ ಮೇಲೆ ನಿಲ್ಲಿಸಲು ಇದಕ್ಕೆ ತಿಳಿದಿದೆಯೇ?’ ಎಂದು ಕೇಳುವವನು ಜಾಣ.